ಅಕ್ಷರ ಬಾರದ ಮಗುವಿಗೆ ಪುಸ್ತಕ ಬೇಕೇ? ರೈಮ್ಸ್ ವಿಡಿಯೋ ಸಾಲದೇ?

"ಮಗುವಿಗೆ ಇನ್ನೂ ಅಕ್ಷರ ಬರಲ್ಲ, ಪುಸ್ತಕ ಯಾಕೆ? ಮೊಬೈಲಲ್ಲಿ ರೈಮ್ಸ್ ಹಾಕಿಕೊಡಿ ಸಾಕು." ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದು ಎಷ್ಟು ಸರಿ? ನಾವು ಪರಿಶೀಲಿಸಿದೆವು.

ಸತ್ಯ ಏನು?

ಹಾವು–ಮಾವು, ಕರಡಿ–ಗರಡಿ: ಇಲ್ಲಿ ಬದಲಾಗುವುದು ಮೊದಲ ಧ್ವನಿ ಮಾತ್ರ. ಅದನ್ನು ಗುರುತಿಸುವುದೇ ಓದಿನ ತಯಾರಿ. ಇಂಗ್ಲಿಷ್ ಕಲಿಯುವ ಮಕ್ಕಳ ಮೇಲೆ ಬ್ರಾಡ್ಲಿ ಮತ್ತು ಬ್ರಯಂಟ್ ನಡೆಸಿದ ಅಧ್ಯಯನ 1983ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 4–5ನೇ ವಯಸ್ಸಿನಲ್ಲಿ ಪ್ರಾಸ ಹಿಡಿಯಬಲ್ಲವರು ಮುಂದೆ ಓದಿನಲ್ಲೂ ಸ್ಪೆಲ್ಲಿಂಗ್‌ನಲ್ಲೂ ಚುರುಕಾಗಿದ್ದರು.

ವಿಡಿಯೋದಲ್ಲೂ ಪ್ರಾಸವಿದೆ, ನಿಜ. ಆದರೆ ಅದು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2 ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ. 2–4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಕೂತಿರುವಾಗ ದೊಡ್ಡವರ ಜೊತೆ ಓದು, ಕಥೆ ಒಳ್ಳೆಯದು.

ಮನೆಯಲ್ಲಿ ಹೀಗೆ ಮಾಡಿ

- ಪ್ರಾಸಪದಕ್ಕೆ ಮುಂಚೆ ನಿಲ್ಲಿಸಿ, ಮಗುವೇ ಹೇಳಲಿ.
- ಹಳೆಯ ಲಗ್ನಪತ್ರಿಕೆಯಿಂದ ಆನೆ, ಸಾಕ್ಸ್‌ನಿಂದ ಹಾವು ಮಾಡಿ, ಪದ್ಯವನ್ನು ಮತ್ತೆ ಆಡಿಸಿ.
- 3 ವರ್ಷದೊಳಗಿನವರಿಗೆ ಗುಂಡಿ, ಮಣಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕಣ್ಣನ್ನು ಪೆನ್ನಿನಲ್ಲೇ ಬರೆಯಿರಿ.

ತೀರ್ಮಾನ: ಆ ಮಾತು ತಪ್ಪು. ಮಗುವಿಗೆ ಅಕ್ಷರ ಬರಬೇಕಿಲ್ಲ. ಓದಿ ಹೇಳುವವರು ಪಕ್ಕದಲ್ಲಿರಬೇಕು.