ಚೀತಾ ಇನ್ನೂ ಹಾರುತ್ತಿದೆ

ನೊಣವಿನಕೆರೆಗೆ ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ತಯಾರಾಗುವ ಲಘು ಹೆಲಿಕಾಪ್ಟರು ಹಳೆಯ ಚೇತಕ್ ಮತ್ತು ಚೀತಾಗಳ ಜಾಗ ತುಂಬಬೇಕು.

ಎರಡೂ ಫ್ರೆಂಚ್ ವಿನ್ಯಾಸಗಳು. ಚೇತಕ್‌ನ ಮೂಲವಾದ ಅಲುಯೆಟ್ 3 ಮೊದಲು ಹಾರಿದ್ದು 1959ರಲ್ಲಿ. 1962ರ ಒಪ್ಪಂದದ ಮೇಲೆ ಅದು ಬೆಂಗಳೂರಿಗೆ ಬಂತು. ಚೀತಾದ ಮೂಲವಾದ ಲಾಮಾವನ್ನು ಭಾರತದ ಎತ್ತರದ ಗಡಿಗಳಿಗೆಂದೇ ರೂಪಿಸಿದರು. 1972ರಲ್ಲಿ ಅದು 12,442 ಮೀಟರ್ ಏರಿ ವಿಶ್ವದಾಖಲೆ ಮಾಡಿತು. 1984ರಿಂದ ಸಿಯಾಚಿನ್‌ನ ಗಾಯಾಳುಗಳನ್ನು ಕೆಳಗಿಳಿಸುತ್ತ ಬಂದಿರುವುದೂ ಚೀತಾವೇ.

ಹೆಲಿಕಾಪ್ಟರಿಗೆ ಒಂದೇ ವಯಸ್ಸಿರುವುದಿಲ್ಲ. ರೋಟರ್ ರೆಕ್ಕೆ, ಗೇರ್‌ಬಾಕ್ಸ್, ಎಂಜಿನ್, ಪ್ರತಿಯೊಂದಕ್ಕೂ ಹಾರಾಟದ ಗಂಟೆಗಳ ಪ್ರತ್ಯೇಕ ಲೆಕ್ಕ. ಗಡುವು ಮುಗಿದ ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಬಿಚ್ಚಲೇಬೇಕು. ಲೋಹದ ದಣಿವು ಕಣ್ಣಿಗೆ ಕಾಣುವುದಿಲ್ಲ. ಫ್ರಾನ್ಸಿನಲ್ಲಿ ಲಾಮಾ ತಯಾರಿಕೆ ನಿಂತು ದಶಕಗಳಾದವು. ಬಿಡಿಭಾಗ ಒದಗಿಸುವ ಹೊರೆ ಎಚ್‌ಎಎಲ್ ಮೇಲಿದೆ.

ಬಿಡಿಭಾಗ ಸಿಕ್ಕರೂ ವಿನ್ಯಾಸ ಹಳೆಯದೇ. ಮಂಜು ಕವಿದಾಗ ಬೆಟ್ಟ ಹತ್ತಿರವಾಯಿತೆಂದು ಎಚ್ಚರಿಸುವ ಉಪಕರಣ ಆ ಕಾಲದ ಯಂತ್ರದಲ್ಲಿರಲಿಲ್ಲ. ಆ ಕೊರತೆಯನ್ನು ಪೈಲಟ್ ತನ್ನ ಕಣ್ಣು, ಅನುಭವಗಳಿಂದಲೇ ತುಂಬಬೇಕು. ಯಂತ್ರವನ್ನು ಹಾರುವ ಸ್ಥಿತಿಯಲ್ಲಿಡುವುದು ಒಂದು ಪ್ರಶ್ನೆ, ಅದನ್ನು ಎಲ್ಲಿಯವರೆಗೆ ಹಾರಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೆಕ್ಯಾನಿಕ್‌ಗಳು ಅರ್ಧ ಶತಮಾನ ಉತ್ತರ ಕೊಟ್ಟಿದ್ದಾರೆ. ಎರಡನೆಯದಕ್ಕೆ ಬಿದರೆಹಳ್ಳದ ಕಾರ್ಖಾನೆ ಕೊಡಬೇಕು.