944 ಮಿ.ಮೀ.: ಸಾಂತಾಕ್ರೂಜ್‌ನ ಒಂದು ದಿನವನ್ನು ಓದುವ ಬಗೆ

ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿಯಿದೆ; ನಮ್ಮ ಕನ್ನಡ ವಿಭಾಗವೂ ಅಲ್ಲಿಯೇ. ಅದರ ಆಸುಪಾಸಿನಲ್ಲೇ ಹವಾಮಾನ ಇಲಾಖೆಯ ಸಾಂತಾಕ್ರೂಜ್ ವೀಕ್ಷಣಾಲಯ. ಪದವಿ ವಿದ್ಯಾರ್ಥಿಗಳಿಗೆ ಅಂಕಿಅಂಶಗಳನ್ನು ಓದಲು ಕಲಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದಕ್ಕೆ ಈ ವೀಕ್ಷಣಾಲಯದ ಒಂದೇ ಒಂದು ದಿನದ ದಾಖಲೆ ಸಾಕೆಂದು ನನ್ನ ಎಣಿಕೆ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿ.ಮೀ.; ಎಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ 944 ಲೀಟರ್ ನೀರು. 20 ಕಿ.ಮೀ.ಗೂ ಮಿಕ್ಕಿದ ದೂರದಲ್ಲಿರುವ ಕೊಲಾಬಾದಲ್ಲಿ ಅದೇ ಅವಧಿಯಲ್ಲಿ ಬಿದ್ದದ್ದು 73 ಮಿ.ಮೀ. ಎರಡನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ 508ರ ಮೇಲೆ ಬರುತ್ತದೆ. ಲೆಕ್ಕ ಸರಿಯೇ, ಆದರೆ ಅಂಥ ಮಳೆಯನ್ನು ಈ ಎರಡು ಸ್ಥಳಗಳಲ್ಲಿ ಯಾರೂ ಕಂಡಿರಲಿಲ್ಲ.

ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿಸಿದ್ದು 1826ರಲ್ಲಿ, ಹಡಗುಗಳ ಸಂಚಾರಕ್ಕೂ ಕಾಲಮಾಪನಕ್ಕೂ ನೆರವಾಗಲೆಂದು. ಆಗಿನ ಊರೆಂದರೆ ಕೋಟೆ ಮತ್ತು ಅದರ ಸುತ್ತುಮುತ್ತ. ಬಹುಕಾಲ ಮುಂಬಯಿಯ ಮಳೆಯೆಂದರೆ ಕೊಲಾಬಾದ ಮಳೆಯೇ ಆಗಿತ್ತು. ಜನರೋ ಉತ್ತರಕ್ಕೆ, ಉಪನಗರಗಳಿಗೆ ಸರಿಯುತ್ತ ಹೋದರು. 2005ರಲ್ಲಿ ಆ ಹಳೆಯ ಮಾಪಕವೊಂದನ್ನೇ ನಂಬಿದ್ದರೆ, ವಾಕೋಲಾ, ಕುರ್ಲಾಗಳು ಮುಳುಗಿದ ಆ ದಿನ ಮಳೆಗಾಲದ ಮಾಮೂಲು ದಿನವೆಂದು ಬರೆಯಲ್ಪಡುತ್ತಿತ್ತು. ಮಾಪಕವನ್ನು ಎಲ್ಲಿ ಇಟ್ಟರೆಂಬುದೂ ಒಂದು ಚರಿತ್ರೆಯೇ.

ತಾರೀಖಿನದೂ ಒಂದು ತೊಡಕು. ಇಲಾಖೆಯ ಮಳೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ಆದ್ದರಿಂದ ಎಲ್ಲರೂ 26ರ ಮಳೆ ಎನ್ನುವುದು ದೈನಿಕ ಪಟ್ಟಿಯಲ್ಲಿ 27ರ ಸಾಲಿಗೆ ಸೇರುತ್ತದೆ. 26ರ ಸಾಲನ್ನಷ್ಟೇ ನೋಡುವ ವಿದ್ಯಾರ್ಥಿಗೆ ಪ್ರಳಯವೇ ಕಾಣಸಿಗದು.

ಮುಂಬಯಿಯ ಚರಂಡಿಗಳನ್ನು ಆಗ ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ದಾಗಿನ ಲೆಕ್ಕದಲ್ಲಿ, ರೂಪಿಸಲಾಗಿತ್ತು. 944ನ್ನು 24ರಿಂದ ಭಾಗಿಸಿ, ಗಂಟೆಗೆ 39 ಮಿ.ಮೀ. ತಾನೇ ಎಂದು ಯಾರಾದರೂ ವಾದಿಸಬಹುದು. ಆದರೆ ಮಳೆಯ ಬಹುಪಾಲು ಮಧ್ಯಾಹ್ನದಾಚೆಯ ಕೆಲವೇ ಗಂಟೆಗಳಲ್ಲಿ ಸುರಿಯಿತು. ಸಮುದ್ರದ ಉಬ್ಬರವೂ ಆಗಲೇ ಬಂತು. ಮಿಠೀ ನದಿ ಉಕ್ಕಿ ಹರಿಯಿತು.

ಅತಿ ಕಷ್ಟದ್ದು ಸಾವಿನ ಲೆಕ್ಕ. ನಗರದಲ್ಲಿ 400ಕ್ಕೂ ಹೆಚ್ಚು ಮಂದಿ ನೆರೆಗೂ ಭೂಕುಸಿತಕ್ಕೂ ಬಲಿಯಾದರು. ನೀರಿಳಿದ ಮೇಲೆ ಇಲಿಜ್ವರವೇ ಮೊದಲಾದ ರೋಗಗಳಿಂದ ಇನ್ನೂ ಅನೇಕರು ತೀರಿಕೊಂಡರು. ಇವರನ್ನು ಯಾವ ಕಾಲಂನಲ್ಲಿ ಬರೆಯುವುದು? ತರಗತಿಯಲ್ಲಿ ಈ ಪ್ರಶ್ನೆಗೆ ಒಂದು ಇಡೀ ಗಂಟೆ ಕೊಟ್ಟರೂ ಕಡಿಮೆಯೇ.

ಇಂದು ಪದವಿ ತರಗತಿಗಳಲ್ಲಿರುವ ಬಹುತೇಕರು ಆ ಮಳೆಯ ನಂತರ ಹುಟ್ಟಿದವರು. ಅವರಿಗೊಂದು ಮನೆಗೆಲಸ ಕೊಡಬಹುದು: ಆ ರಾತ್ರಿ ಎಲ್ಲಿದ್ದಿರಿ, ಎಷ್ಟು ಗಂಟೆಗೆ ಮನೆ ಸೇರಿದಿರಿ ಎಂದು ಅಪ್ಪ, ಅಮ್ಮ, ನೆರೆಯವರನ್ನು ಕೇಳಿ ಬರೆದುಕೊಂಡು, ಸಾಂತಾಕ್ರೂಜ್‌ನ ಗಂಟೆಗಂಟೆಯ ಮಳೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು.