ಮೊಟ್ಟೆ ಬುಟ್ಟಿಗಾಗಿ ಹುಟ್ಟಿದ ಕಾರು ಭೂಮಿ ಸುತ್ತಿ ಬಂತು

ಕಾರಿನಲ್ಲಿ ಒಂದು ಬುಟ್ಟಿ ಮೊಟ್ಟೆ ಇಡಬೇಕು. ಆ ಕಾರನ್ನು ಉತ್ತ ಹೊಲದ ಮೇಲೆ ಓಡಿಸಬೇಕು. ಒಂದು ಮೊಟ್ಟೆಯೂ ಒಡೆಯಬಾರದು.

ಹೊಲ ಉತ್ತವರಿಗೆ ಇದು ತಮಾಷೆಯ ಮಾತು ಅನಿಸಬಹುದು. ಆದರೆ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಮುಖ್ಯಸ್ಥ ಪಿಯರ್-ಜೂಲ್ ಬೂಲಾಂಜೆ 1930ರ ದಶಕದಲ್ಲಿ ತನ್ನ ಎಂಜಿನಿಯರುಗಳ ಮುಂದಿಟ್ಟ ಷರತ್ತುಗಳಲ್ಲಿ ಇದೂ ಒಂದು. ಇಬ್ಬರು ರೈತರು, 50 ಕೆ.ಜಿ. ಆಲೂಗಡ್ಡೆ, ಗಂಟೆಗೆ 60 ಕಿ.ಮೀ. ವೇಗ, 100 ಕಿ.ಮೀ.ಗೆ ಮೂರು ಲೀಟರ್ ಪೆಟ್ರೋಲ್. ಅಂದರೆ ಲೀಟರಿಗೆ ಸುಮಾರು 33 ಕಿ.ಮೀ. ತಲೆಯ ಮೇಲಿನ ಟೋಪಿ ತೆಗೆಯದೆ ಕೂರುವಷ್ಟು ಎತ್ತರವೂ ಇರಬೇಕಿತ್ತು.

ಆ ಷರತ್ತುಗಳಿಂದ ಹುಟ್ಟಿದ ಪುಟ್ಟ ಕಾರೇ ಸಿಟ್ರೊಯೆನ್ 2ಸಿವಿ. ಸಂತೆಗೆ ಹೋಗಿ ಬರಲೆಂದು ಮಾಡಿದ ಈ ಕಾರು ಮುಂದೆ ಮರುಭೂಮಿ ದಾಟಿತು, ಬೆಟ್ಟ ಹತ್ತಿತು, ಭೂಮಿಯನ್ನೇ ಸುತ್ತಿ ಬಂತು. ಇದು ಹೇಗಾಯಿತು ಅನ್ನುವುದನ್ನು ಈ ಬಾರಿ ನಿಮಗೆ ಹೇಳುತ್ತೇವೆ.

ದೊಡ್ಡವರ ದಂಡಯಾತ್ರೆ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಂಪನಿ ಕಟ್ಟಿದ ಆಂದ್ರೆ ಸಿಟ್ರೊಯೆನ್‌ಗೆ ದೂರ ಪ್ರಯಾಣದ ಹುಚ್ಚಿತ್ತು. ಅದು ಕಂಪನಿಗೆ ಒಳ್ಳೆಯ ಪ್ರಚಾರವೂ ಆಗಿತ್ತು. ಮುಂದೆ ಚಕ್ರ, ಹಿಂದೆ ಟ್ಯಾಂಕಿನ ಹಾಗೆ ಪಟ್ಟಿ ಇರುವ ಗಾಡಿಗಳಲ್ಲಿ ಆತನ ತಂಡ 1922ರ ಕೊನೆಯಲ್ಲಿ ಹೊರಟು ಸಹಾರಾ ಮರುಭೂಮಿ ದಾಟಿತು. 1931ರಲ್ಲಿ ಅಂಥದೇ ಗಾಡಿಗಳ ತಂಡವೊಂದು ಬೈರೂತಿನಿಂದ ಚೀನಾದ ಕಡೆ ಹೊರಟಿತು. ಜೊತೆಗೆ ವಿಜ್ಞಾನಿಗಳು, ಚಿತ್ರಕಾರರು, ಸಿನಿಮಾದವರು, ಮೆಕ್ಯಾನಿಕ್‌ಗಳು.

ಈ ದಾರಿ ನಮ್ಮ ದೇಶದ ಶ್ರೀನಗರದ ಮೇಲೆ ಹಾದುಹೋಗಿತ್ತು. ಶ್ರೀನಗರದಿಂದ ಗಿಲ್ಗಿಟ್‌ಗೆ ಹಿಮಾಲಯದ ಕಡಿದಾದ ಹಾದಿ. ದಾರಿ ಕುಸಿದಲ್ಲಿ ಗಾಡಿಯನ್ನೇ ಬಿಚ್ಚಿ, ಭಾಗಭಾಗವಾಗಿ ಕೂಲಿಯಾಳುಗಳ ಮೇಲೆ ಹೊರಿಸಬೇಕಾಯಿತು. ಬೆಟ್ಟ ಗೆದ್ದದ್ದು ಯಂತ್ರ ಅಂತ ಜಗತ್ತಿಗೆ ಗೊತ್ತಾಯಿತು. ಯಂತ್ರ ಹೊತ್ತವರ ಹೆಸರು ಗೊತ್ತಾಗಲಿಲ್ಲ.

ಇಷ್ಟು ಖರ್ಚಿನ ಪ್ರಯಾಣ ಕಂಪನಿಗೆ ಮಾತ್ರ ಸಾಧ್ಯವಿತ್ತು. ಕೊನೆಗೆ ಕಂಪನಿಯೂ ಸಾಲದಲ್ಲಿ ಮುಳುಗಿತು. 1934ರ ಕೊನೆಗೆ ದಿವಾಳಿಯಾಗಿ, ಟೈರ್ ಮಾಡುವ ಮಿಶೆಲಿನ್ ಕೈಗೆ ಹೋಯಿತು. ಬೂಲಾಂಜೆ ಬಂದದ್ದು ಆ ಕಡೆಯಿಂದಲೇ.

ತಗಡಿನ ಡಬ್ಬಿ

1939ರ ಹೊತ್ತಿಗೆ ಪರೀಕ್ಷೆಗೆಂದು ಸುಮಾರು 250 ಕಾರು ತಯಾರಾಗಿದ್ದವು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನ್ನರ ಕೈಗೆ ಸಿಗಬಾರದೆಂದು ಹೆಚ್ಚಿನವನ್ನು ಕಂಪನಿಯೇ ನಾಶ ಮಾಡಿತು, ಕೆಲವನ್ನು ಬಚ್ಚಿಟ್ಟಿತು. ಹಾಗೆ ಉಳಿದಿದ್ದ ಮೂರು ಕಾರುಗಳು ಕಣಜದ ಅಟ್ಟವೊಂದರಲ್ಲಿ ಸಿಕ್ಕಿದ್ದು 1990ರ ದಶಕದಲ್ಲಿ!

ಯುದ್ಧ ಮುಗಿದು, 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಹೊರಬಂತು. ತಗಡಿನ ಮೈ, ಬಟ್ಟೆಯ ಮಾಡು, ಒಂದೇ ಬೂದು ಬಣ್ಣ. ನೋಡಿದ ಪತ್ರಕರ್ತರು ನಕ್ಕರು. 'ಇದರ ಜೊತೆ ಡಬ್ಬಿ ತೆರೆಯುವ ಚಾಕು ಕೊಡುತ್ತೀರಾ' ಎಂದು ಒಬ್ಬರು ಕೇಳಿದರಂತೆ ಅನ್ನುವ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ.

ನಗುವುದಕ್ಕೆ ಕಾರಣವೂ ಇತ್ತು. 375 ಸಿಸಿ ಎಂಜಿನ್, ಶಕ್ತಿ 9 ಎಚ್‌ಪಿ. ಇವತ್ತು ನಿಮ್ಮೂರಲ್ಲಿ ಓಡಾಡುವ 350 ಸಿಸಿ ಬುಲೆಟ್ ಬೈಕಿನ ಶಕ್ತಿ ಇದರ ಎರಡರಷ್ಟಿದೆ. ಏರು ಬಂದರೆ ಕಾರು ತೆವಳುತ್ತಿತ್ತು.

ಆದರೆ ರೈತರು ನಗಲಿಲ್ಲ, ಸಾಲಾಗಿ ನಿಂತು ಹೆಸರು ಬರೆಸಿದರು. ಕಾರು ಕೈಗೆ ಸಿಗಲು ವರ್ಷಗಟ್ಟಲೆ ಕಾಯಬೇಕಾಯಿತು. ಹಳ್ಳಿ ವೈದ್ಯರು, ದನದ ಡಾಕ್ಟರುಗಳು, ಪಾದ್ರಿಗಳಂಥವರಿಗೆ ಮೊದಲ ಆದ್ಯತೆ ಇತ್ತು.

ಇಲ್ಲದ್ದೇ ಇದರ ಬಲ

ಈ ಕಾರಿನಲ್ಲಿ ಏನಿತ್ತು ಅನ್ನುವುದಕ್ಕಿಂತ ಏನಿರಲಿಲ್ಲ ಅನ್ನುವುದು ಮುಖ್ಯ.

ರೇಡಿಯೇಟರ್ ಇರಲಿಲ್ಲ. ಎಂಜಿನ್ ತಣ್ಣಗಾಗುತ್ತಿದ್ದದ್ದು ಗಾಳಿಯಿಂದ. ಹಾಗಾಗಿ ಮರುಭೂಮಿಯಲ್ಲಿ ನೀರು ಕುದಿಯುವ ಭಯವಿಲ್ಲ, ಚಳಿಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಬ್ಯಾಟರಿ ಸತ್ತರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸಾಕು. ಸೀಟುಗಳನ್ನು ಎತ್ತಿ ಹೊರಗಿಟ್ಟರೆ ಮರದ ಕೆಳಗೆ ಕೂರಲು ಕುರ್ಚಿ. ಮಾಡು ಸುರುಳಿ ಸುತ್ತಿದರೆ ಉದ್ದನೆಯ ಸಾಮಾನೂ ಹಿಡಿಯುತ್ತಿತ್ತು.

ಇನ್ನು ಮೊಟ್ಟೆ ಬುಟ್ಟಿಯ ಗುಟ್ಟು. ಒಂದೊಂದು ಬದಿಯಲ್ಲೂ ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಮಧ್ಯದ ಸ್ಪ್ರಿಂಗ್ ಡಬ್ಬಿಯ ಮೂಲಕ ಒಂದಕ್ಕೊಂದು ಸೇರಿದ್ದವು. ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಆ ಪೆಟ್ಟು ಇಡೀ ಕಾರಿಗೆ ತಗುಲುವ ಬದಲು ಹಂಚಿಹೋಗುತ್ತಿತ್ತು. ಕಾರು ದೋಣಿಯ ಹಾಗೆ ಓಲಾಡುತ್ತಿತ್ತು, ಆದರೆ ಎತ್ತಿ ಹಾಕುತ್ತಿರಲಿಲ್ಲ.

ಇದನ್ನೆಲ್ಲ ಮಾಡಿದ್ದು ಹಳ್ಳಿಯ ಕೆಟ್ಟ ರಸ್ತೆಗಾಗಿ. ಆದರೆ ಜಗತ್ತಿನ ಹೆಚ್ಚಿನ ರಸ್ತೆಗಳು ಆಗ ಹಳ್ಳಿ ರಸ್ತೆಗಳೇ ಆಗಿದ್ದವು!

ಇಬ್ಬರು, ಒಂದು ಕಾರು

ಇದು ಮೊದಲು ಅರ್ಥವಾದದ್ದು ಜೇಬಲ್ಲಿ ಕಾಸು ಕಡಿಮೆಯಿದ್ದ ಯುವಕರಿಗೆ. 1953ರಲ್ಲಿ ಜಾಕ್ ಕಾರ್ನೆ ಮತ್ತು ಆನ್ರಿ ಲೋಶೋಂ ಎಂಬಿಬ್ಬರು ಕೆನಡಾದಿಂದ ಹೊರಟು ದಕ್ಷಿಣ ಅಮೆರಿಕದ ತುದಿಯ ಕಡೆ ಕಾರು ಓಡಿಸಿದರು. ದಾರಿಯಲ್ಲಿ ಬೊಲಿವಿಯಾದ ಚಕಾಲ್ಟಾಯ ಪರ್ವತದಲ್ಲಿ 5,000 ಮೀಟರಿಗೂ ಮೇಲೆ ಹತ್ತಿದರು. ಮನುಷ್ಯನಿಗೇ ಉಸಿರು ಕಟ್ಟುವ ಎತ್ತರ ಅದು.

1958ರ ಅಕ್ಟೋಬರಿನಲ್ಲಿ ಜಾಕ್ ಸೆಗೆಲಾ ಮತ್ತು ಜಾನ್-ಕ್ಲೋಡ್ ಬೋದೊ ಪ್ಯಾರಿಸಿನಿಂದ ಹೊರಟರು. ಸೆಗೆಲಾ ಔಷಧಶಾಸ್ತ್ರ ಓದಿದವನು. ಕಾರಿನದು 425 ಸಿಸಿ ಎಂಜಿನ್, 12 ಎಚ್‌ಪಿ. ಮರಳಿ ಬಂದದ್ದು 1959ರ ನವೆಂಬರಿನಲ್ಲಿ. ಲೆಕ್ಕ ಹೀಗಿದೆ: ಸುಮಾರು 1 ಲಕ್ಷ ಕಿ.ಮೀ., 50 ದೇಶ, 8 ಮರುಭೂಮಿ, ಸ್ಟಿಯರಿಂಗ್ ಹಿಡಿದು ಕೂತದ್ದು 2,247 ಗಂಟೆ.

ಗಂಟೆಗೆ ಸರಾಸರಿ 45 ಕಿ.ಮೀ.ಗಿಂತ ಕಡಿಮೆ. ಇದು ವೇಗದ ಕತೆಯಲ್ಲ, ನಿಲ್ಲದೆ ಹೋಗುವ ಕತೆ.

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಗೇರ್‌ಬಾಕ್ಸಿನ ಎಣ್ಣೆ ಸೋರಿಹೋಯಿತಂತೆ. ಸುತ್ತಮುತ್ತ ಅಂಗಡಿ ಇಲ್ಲ, ಗ್ಯಾರೇಜು ಇಲ್ಲ. ಬಾಳೆಹಣ್ಣು ಹಿಸುಕಿ ತುಂಬಿ, ಸುಮಾರು 300 ಕಿ.ಮೀ. ದಾಟಿದೆವು ಎಂದು ಅವರು ಹೇಳಿಕೊಂಡಿದ್ದಾರೆ. ಸೆಗೆಲಾ ಮುಂದೆ ಫ್ರಾನ್ಸಿನ ದೊಡ್ಡ ಜಾಹೀರಾತುಗಾರನಾದ, ಹಾಗಾಗಿ ಕತೆಗೆ ಒಗ್ಗರಣೆ ಬಿದ್ದಿರಬಹುದು ಅಂತ ನಮಗೂ ಅನಿಸಿದೆ. ಆದರೆ ಬಾಳೆಹಣ್ಣು ತುಂಬಬೇಕಾದರೂ ಗೇರ್‌ಬಾಕ್ಸ್ ಕೈಗೆ ಸಿಗಬೇಕು, ಎಲ್ಲಿ ತುಂಬಬೇಕೆಂದು ಗೊತ್ತಿರಬೇಕು. ಆ ಕಾರಿನಲ್ಲಿ ಅದು ಸಾಧ್ಯವಿತ್ತು.

ಕಾಬೂಲಿಗೆ ಹೋದ ಜಾತ್ರೆ

ಹುಡುಗರ ಈ ಸಾಹಸ ಕಂಪನಿಯ ಕಣ್ಣಿಗೂ ಬಿತ್ತು. 1970ರಲ್ಲಿ ಪ್ಯಾರಿಸಿನಿಂದ ಅಫ್ಘಾನಿಸ್ತಾನದ ಕಾಬೂಲಿಗೆ ಹೋಗಿ ಬರುವ ಓಟವನ್ನು ಸಿಟ್ರೊಯೆನ್ ಏರ್ಪಡಿಸಿತು. ದೂರ ಸುಮಾರು 16,500 ಕಿ.ಮೀ. ಹೊರಟದ್ದು ಹತ್ತಿರಹತ್ತಿರ 500 ಕಾರು, ಸುಮಾರು 1,300 ಯುವಕ ಯುವತಿಯರು. ಮರುವರ್ಷ ಇರಾನಿನ ಪರ್ಸೆಪೊಲಿಸ್‌ಗೆ. 1973ರಲ್ಲಿ ಆಫ್ರಿಕಾದ ಅಬಿಜಾನ್‌ನಿಂದ ಟ್ಯೂನಿಸ್‌ವರೆಗೆ 60 ಕಾರುಗಳು ಸಹಾರಾ ದಾಟಿದವು. ಐವತ್ತು ವರ್ಷ ಹಿಂದೆ ಪಟ್ಟಿ ಗಾಡಿ ಬೇಕಾಗಿದ್ದ ಮರಳನ್ನು ರೈತನ ಕಾರು ದಾಟಿತ್ತು.

ಟರ್ಕಿ, ಇರಾನ್ ಹಾದು ಕಾಬೂಲಿಗೆ ಹೋಗುವ ಆ ದಾರಿ ಹೆಚ್ಚು ಕಾಲ ಉಳಿಯಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಕಾರು ಗಟ್ಟಿಯಿದ್ದರೆ ಸಾಲದು, ದೇಶಗಳ ನಡುವೆ ಶಾಂತಿಯೂ ಇರಬೇಕು.

ನಮಗೇಕೆ ಈ ಕತೆ?

ಕೊನೆಯ 2ಸಿವಿ ಪೋರ್ಚುಗಲ್‌ನ ಕಾರ್ಖಾನೆಯಿಂದ ಹೊರಬಂದದ್ದು 1990ರ ಜುಲೈನಲ್ಲಿ. ಈ ಕಾರೇ ಒಳ್ಳೆಯದಿತ್ತು, ಈಗಿನವು ಕೆಟ್ಟವು ಅಂತ ನಾವು ಹೇಳುವುದಿಲ್ಲ. ತೆಳು ತಗಡಿನ ಆ ಕಾರು ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವುದು ಕಷ್ಟವಿತ್ತು.

ಆದರೆ ಅದನ್ನು ಮಾಡುವ ಮೊದಲು ಕೇಳಿದ ಪ್ರಶ್ನೆ ದೊಡ್ಡದು. ಇದನ್ನು ಓಡಿಸುವವರು ಯಾರು? ಅವರ ರಸ್ತೆ ಹೇಗಿದೆ? ಕೆಟ್ಟು ನಿಂತರೆ ಅವರೇ ಬಿಚ್ಚಿ ಸರಿ ಮಾಡಿಕೊಳ್ಳಬಹುದೇ?

ಇವತ್ತು ಕಂಪ್ಯೂಟರ್ ಇರುವ ಟ್ರ್ಯಾಕ್ಟರ್ ಕೆಟ್ಟರೆ ಕಂಪನಿಯವರೇ ಬರಬೇಕು. ಅಮೆರಿಕದ ರೈತರು ಇದರ ವಿರುದ್ಧ ಹೋರಾಡಿದ್ದಾರೆ. ಅಲ್ಲಿನ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕನ್ನು ರೈತರಿಗೆ ಕೊಡುವ ಕಾನೂನು ಮಾಡಿತು.

ಮುಂದಿನ ಸಲ ಹೊಸ ಪಂಪು, ಟಿಲ್ಲರ್, ಗಾಡಿ ಕೊಳ್ಳಲು ಹೋದಾಗ ಬೆಲೆ, ಮೈಲೇಜ್ ಕೇಳುತ್ತೀರಿ. ಜೊತೆಗೆ ಇನ್ನೊಂದು ಮಾತು ಕೇಳಿ: 'ಇದು ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗುತ್ತಾ?'